ಮರುಳಪ್ಪನ ಅರ್ಧ ಮಾತು

ನಮ್ಮೂರಿನಲ್ಲಿ ಒಂಟಿ ಜೀವಗಳು ಟೀ ಕುಡಿಯುತ್ತವೆ, ಮನೆ ತುಂಬ ಜನ ಇರುವವರು ಕಾಫಿ ಕುಡಿಯುತ್ತಾರೆ. ಇದು ರುಚಿಯ ವಿಷಯವಲ್ಲ. ಟೀ ಎಂದು ಕೇಳಲು ಒಂದು ಬಾಯಿ ಸಾಕು, ಕಾಫಿಗೆ ಎರಡು ಬೇಕು. ಒಬ್ಬರು ‘ಕಾ’ ಅನ್ನಬೇಕು, ಇನ್ನೊಬ್ಬರು ‘ಫಿ’ ಅನ್ನಬೇಕು. ಇಂಗ್ಲಿಷಿನ ಯಾವ ಮಾತೇ ಆಗಲಿ, ಅದರ ಒಂದೊಂದು ಚೂರಿಗೆ ಒಂದೊಂದು ಬಾಯಿ ಎನ್ನುವುದು ಈ ಊರಿನ ನೀರು ಕುಡಿದ ನಾಲಿಗೆಗಳ ಕಟ್ಟಳೆ. ಬಸ್, ಪೆನ್, ಬಲ್ಬ್ ಇವನ್ನೆಲ್ಲ ಯಾರ ಹಂಗೂ ಇಲ್ಲದೆ ಆಡಬಹುದು. ಬಕೆಟ್ ಬೇಕಾದರೆ ಪಕ್ಕದಲ್ಲಿ ಒಬ್ಬರಿರಬೇಕು. ಕೊನೆಗೊಂದು ‘ಉ’ ಹಚ್ಚಿ ಬಕೆಟ್ಟು ಎಂದು ಕನ್ನಡ ಮಾಡಿಕೊಳ್ಳುವ ಕಿಲಾಡಿತನವೂ ನಡೆಯುವುದಿಲ್ಲ, ನಾಲಿಗೆಗೆ ಗೊತ್ತಾಗಿಬಿಡುತ್ತದೆ. ಬರೆಯುವಾಗ ಮಾತ್ರ ಈ ಕಾಟವಿಲ್ಲ. ಅದಕ್ಕೇ ನಾನು ಇದನ್ನು ಹೇಳದೆ ಬರೆಯುತ್ತಿದ್ದೇನೆ.

ಇನ್ನೊಂದು ಸಂಗತಿ ಇದೆ. ಶುರು ಮಾಡಿದ ಮಾತು ಮುಗಿಯುವ ತನಕ, ಶುರು ಮಾಡಿದವರ ಬಾಯಿಂದ ಬೇರೆ ಯಾವ ಮಾತೂ ಹೊರಡುವುದಿಲ್ಲ, ಕನ್ನಡವೂ ಇಲ್ಲ. ಊಟ ಮಾಡಬಹುದು, ಕೆಮ್ಮಬಹುದು, ಸೀನಬಹುದು, ಮಾತಾಡುವ ಹಾಗಿಲ್ಲ. ‘ಕಾ’ ಅಂದವನು ‘ಫಿ’ ಬರುವವರೆಗೆ ಕಾಯಬೇಕು. ಕಿವಿಗೆ ಬಿದ್ದ ಯಾರು ಬೇಕಾದರೂ ಮುಗಿಸಿಕೊಡಬಹುದು, ಆದರೆ ಕರೆಯದೆ ಇನ್ನೊಬ್ಬರ ಮಾತಿಗೆ ಬಾಲ ಹಚ್ಚುವುದು ಮರ್ಯಾದಸ್ಥರ ಲಕ್ಷಣವಲ್ಲ. ಹೀಗಾಗಿ ನಮ್ಮ ಕಡೆ ಜನ ಜಗಳಕ್ಕೆ ಇಳಿಯುವ ಮುಂಚೆ ಯೋಚನೆ ಮಾಡುತ್ತಾರೆ. ಎದುರುಮನೆಯವರ ಮೇಲೆ ಹರಿಹಾಯ್ದು ಬಂದರೆ ನಾಳೆ ಕುಕ್ಕರ್ ಕೆಟ್ಟಿದೆ ಎಂದು ಹೇಳುವುದಕ್ಕೆ ಯಾರ ಬಾಯಿ ಸಿಗುತ್ತದೆ?

ಹಾಗೆ ಯೋಚನೆ ಮಾಡದೆ ಇಡೀ ಬೀದಿಯ ಜೊತೆ ಟೂ ಬಿಟ್ಟು ಆರಾಮಾಗಿದ್ದವನು ಒಬ್ಬನೇ. ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಮರುಳಪ್ಪ. ಅವನ ಹೊಟ್ಟೆಪಾಡಿಗೆ ಬೇಕಾದ ಇಂಗ್ಲಿಷೆಲ್ಲ ಒಂದೊಂದೇ ಚೂರಿನದು. ಮಿಲ್, ಬೆಲ್ಟ್, ಫ್ಯೂಸ್, ಗ್ರೀಸ್. ಮೋಟರಿಗೆ ಯಂತ್ರ ಅನ್ನುತ್ತಿದ್ದ. ಯಾರಾದರೂ ಅವನ ಮುಂದೆ ‘ಟಿ’ ಎಂದು ಶುರು ಮಾಡಿದರೆ ‘ಫಿನ್’ ಹಚ್ಚುವ ಬದಲು ಜರಡಿ ಹಿಡಿದು ಒಳಗೆ ಹೋಗಿಬಿಡುತ್ತಿದ್ದ. “ನಂಗೆ ಯಾರ ಅರ್ಧ ಮಾತೂ ಬೇಡ, ನನ್ನ ಅರ್ಧ ಯಾರಿಗೂ ಕೊಡೋದಿಲ್ಲ” ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ದಿನಕ್ಕೆ ಎಷ್ಟು ಸಲವೋ ಟೀ ಕುಡಿಯುತ್ತಿದ್ದ. ಹೆಂಡತಿ ದಾಕ್ಷಾಯಣಿ ಮನೆಯಲ್ಲೇ ಇದ್ದರೂ ಟೀಯನ್ನೇ ಕುಡಿಯುತ್ತಿದ್ದ ಎನ್ನುವುದು ಇಲ್ಲಿ ಗಮನಿಸಬೇಕಾದ ಮಾತು.

ದಾಕ್ಷಾಯಣಿಗೆ ಕಾಫಿ ಎಂದರೆ ಪ್ರಾಣ. ಮಧ್ಯಾಹ್ನ ಕೆಲಸ ಮುಗಿಸಿ ನಮ್ಮ ಮನೆಗೆ ಬಂದು, ನನ್ನ ಹೆಂಡತಿಯ ಜೊತೆ ‘ಕಾ’ ‘ಫಿ’ ಮಾಡಿ, ಒಂದು ಲೋಟ ಕುಡಿದು, ಬಾಯಿ ತೊಳೆದುಕೊಂಡು ಹೋಗುತ್ತಿದ್ದಳು. ಗಂಡನಿಂದ ಕದ್ದು ಮಾಡುವಂಥದ್ದೇನೂ ಅದರಲ್ಲಿರಲಿಲ್ಲ. ಆದರೂ ಬಾಯಿ ತೊಳೆದುಕೊಳ್ಳುತ್ತಿದ್ದಳು, ನನಗೆ ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು.

ಮರುಳಪ್ಪ ಹೀಗಾದದ್ದು ಅವನ ಮದುವೆಯ ದಿನ. ನಮ್ಮಲ್ಲಿ ಧಾರೆ ಮುಗಿದ ಮೇಲೆ ಗಂಡು ‘ಮ್ಯಾ’ ಅನ್ನಬೇಕು, ಹೆಣ್ಣು ‘ರೇಜ್’ ಅನ್ನಬೇಕು. ಆಮೇಲೆಯೇ ಗಟ್ಟಿಮೇಳ. ಮರುಳಪ್ಪ ಎದೆ ಉಬ್ಬಿಸಿ ‘ಮ್ಯಾ’ ಅಂದ. ಹುಡುಗಿ ತಲೆ ತಗ್ಗಿಸಿ ನಿಂತಳೇ ಹೊರತು ಬಾಯಿ ತೆರೆಯಲಿಲ್ಲ. ಓಲಗದವರು ಗಲ್ಲ ಉಬ್ಬಿಸಿಕೊಂಡು ಕಾದರು. ಪುರೋಹಿತರು ಅಕ್ಷತೆ ಹಿಡಿದ ಕೈ ಇಳಿಸಿದರು. ಬಾಯಿ ತೆರೆದುಕೊಂಡು ನಿಂತ ಮದುಮಗನ ಮುಖ ಕೆಂಪಗಾಗಿ, ಕಣ್ಣಲ್ಲಿ ನೀರಾಡಿತು. ಆಗ ಅವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಜುಬ್ಬಾದ ಬಿಟ್ಟುಹೋದ ಹೊಲಿಗೆ ಹಾಕುತ್ತಿದ್ದ ದರ್ಜಿ ಷಡಕ್ಷರಿ, ಯಾರೂ ಕರೆಯದೆಯೇ ‘ರೇಜ್’ ಅಂದುಬಿಟ್ಟ. ಓಲಗದವರು ತಡೆದಿದ್ದ ಉಸಿರೆಲ್ಲ ಬಿಟ್ಟು ಊದಿದರು, ಅಕ್ಷತೆ ಬಿತ್ತು, ಜನ ಊಟಕ್ಕೆ ಓಡಿದರು.

ಊರು ಸುಮ್ಮನಿರುತ್ತದೆಯೇ? ಮರುಳಪ್ಪ ತಾಳಿ ಕಟ್ಟಿದ್ದು ದಾಕ್ಷಾಯಣಿಗೆ, ಮದುವೆಯಾದದ್ದು ಷಡಕ್ಷರಿಯನ್ನು ಎಂದು ಆಡಿಕೊಂಡಿತು. ಷಡಕ್ಷರಿ ಬೀದಿಯಲ್ಲಿ ಬಂದರೆ “ದಾರಿ ಬಿಡ್ರಪ್ಪ, ಮಿಲ್‌ನೋರ ಹಿರೀ ಹೆಂಡ್ತಿ ಬಂದ್ರು” ಎನ್ನುತ್ತಿದ್ದರು. ಮರುಳಪ್ಪ ಕಂಡರೆ ಹುಡುಗರು ಮರೆಯಲ್ಲಿ ನಿಂತು ಆಡಿನ ಹಾಗೆ ಕೂಗುತ್ತಿದ್ದರು. ಅವನು ದರ್ಜಿಯ ಜೊತೆ ಮಾತು ಬಿಟ್ಟ, ನಕ್ಕವರ ಜೊತೆ ಬಿಟ್ಟ, ನಗದೆ ಇದ್ದವರು ಒಳಗೊಳಗೇ ನಗುತ್ತಿದ್ದಾರೆ ಎಂದು ಅವರ ಜೊತೆಗೂ ಬಿಟ್ಟ. ಹೆಂಡತಿಯ ಮೇಲೆ ಕೈಯೆತ್ತಲಿಲ್ಲ, ಬೈಯಲಿಲ್ಲ. ಆದರೆ ಅಂದಿನಿಂದ ಅವಳ ಮುಂದೆ ಎರಡು ಚೂರಿನ ಒಂದು ಮಾತನ್ನೂ ಶುರು ಮಾಡಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದರೆ “ಹೋಗ್ಲಿ ಬಿಡು, ಮುಗಿದ ಕತೆ” ಎಂದು ಮಿಲ್ ಚಾಲೂ ಮಾಡಿಬಿಡುತ್ತಿದ್ದ. ಆ ಸದ್ದಿನಲ್ಲಿ ಯಾರ ಮಾತು ಕೇಳಿಸುತ್ತದೆ!

ಹೀಗಿರುವಾಗ ಒಂದು ದಿನ ಮಿಲ್ಲಿಗೆಂದೇ ಹಾಕಿದ್ದ ಟ್ರಾನ್ಸ್‌ಫಾರ್ಮರ್ ಢಮ್ಮೆಂದು ಸುಟ್ಟುಹೋಯಿತು. ಬೀದಿಯ ದೀಪಗಳು, ನಮ್ಮ ಮನೆಯ ಫ್ಯಾನು ಎಲ್ಲ ನೆಟ್ಟಗಿದ್ದವು. ಮಿಲ್ ಒಂದೇ ನಿಂತಿತು. ಮರುಳಪ್ಪನ ಗೋಡೆಯುದ್ದಕ್ಕೂ ಜನ ಇಟ್ಟುಹೋಗಿದ್ದ ರಾಗಿಯ ಡಬ್ಬಗಳು ಸಾಲಾಗಿ ಕೂತಿದ್ದವು. ಕಾಲುವೆಯ ಆಚೆ ಯಾರೋ ಹೊಸ ಮಿಲ್ ಹಾಕಿದ್ದರು, ನುಣ್ಣಗೆ ಬೀಸುತ್ತಾರೆ ಎಂದು ಆಗಲೇ ಹೆಸರಾಗಿತ್ತು. ಡಬ್ಬಗಳು ಒಂದೊಂದಾಗಿ ಕಾಲುವೆ ದಾಟತೊಡಗಿದವು. ಇನ್ನು ಸ್ವಲ್ಪ ದಿನ ಹೀಗೇ ಹೋದರೆ ಬಾಗಿಲು ಹಾಕಿಕೊಂಡು ಕೂರಬೇಕಾದೀತು ಎಂದು ಮರುಳಪ್ಪನಿಗೆ ನಡುಕ ಹತ್ತಿತು.

ವಿದ್ಯುತ್ ಕಚೇರಿ ಇರುವುದು ಬೇರೆ ಊರಿನಲ್ಲಿ. ಅರ್ಜಿ ಬರೆದು ಹಾಕಿದರೆ ಉತ್ತರ ಬರುವಷ್ಟರಲ್ಲಿ ರಾಗಿಗೆ ಹುಳ ಬೀಳುತ್ತದೆ. ಹೋಗಿ ಹೇಳೋಣವೆಂದರೆ ನಾಲಿಗೆಯೂ ಜೊತೆಗೇ ಬರುತ್ತದೆ. ಮರುಳಪ್ಪ ದಿನಸಿ ಅಂಗಡಿಯ ಫೋನ್‌ನಲ್ಲಿ ಅಚ್ಚಕನ್ನಡದಲ್ಲಿ ದೂರು ಕೊಟ್ಟ.

“ಕಂಬದ ಮೇಲೆ ಇರೋದು ಸುಟ್ಟುಹೋಗಿದೆ ಸ್ವಾಮಿ.”

“ಕಂಬದ ಮೇಲೆ ಏನ್ರೀ?”

“ಅದೇ, ದೊಡ್ಡ ಪೆಟ್ಟಿಗೆ. ಎಣ್ಣೆ ಇರುತ್ತಲ್ಲ.”

“ಹೆಸರಿಲ್ವೇನ್ರೀ ಅದಕ್ಕೆ?”

“ಪರಿವರ್ತಕ” ಅಂದ ಮರುಳಪ್ಪ, ಹೆಂಡತಿಯ ತಮ್ಮನ ಪಾಠದ ಪುಸ್ತಕವನ್ನು ನೆನಪಿಸಿಕೊಂಡು.

“ಯಾರು? ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ” ಎಂದು ಆ ಕಡೆಯ ಗುಮಾಸ್ತ ಫೋನಿಟ್ಟ. ಆದರೂ ಮಾರನೆಯ ದಿನ ಒಬ್ಬ ಲೈನ್‌ಮನ್ ಏಣಿ ಹೊತ್ತುಕೊಂಡು ಬಂದು, ಚೆನ್ನಾಗಿಯೇ ಉರಿಯುತ್ತಿದ್ದ ಬೀದಿದೀಪದ ಬಲ್ಬ್ ಬಿಚ್ಚಿ ಹೊಸದು ಹಾಕಿದ. ಮರುಳಪ್ಪ ಅವನನ್ನು ಕೈಹಿಡಿದು ಎಳೆದುಕೊಂಡು ಹೋಗಿ ಸುಟ್ಟ ಪೆಟ್ಟಿಗೆ ತೋರಿಸಿದ. ಹೊರಗಿನವನಾದ ಲೈನ್‌ಮನ್ ಒಂದೇ ಉಸಿರಿಗೆ, “ಟ್ರಾನ್ಸ್‌ಫಾರ್ಮರ್ ಅಂತ ಹೇಳ್ಬೇಕಿತ್ತಲ್ಲ ಯಜಮಾನ್ರೇ! ಆ ಹೆಸರಲ್ಲಿ ಕಂಪ್ಲೇಂಟ್ ಬಂದ್ರೆ ಮಾತ್ರ ಮೇಲಿಂದ ಆರ್ಡರ್ ಆಗೋದು. ನಂಗೆ ಹೇಳಿರೋದು ಬಲ್ಬ್ ಅಷ್ಟೇ” ಎಂದು ಏಣಿ ಎತ್ತಿಕೊಂಡು ಬಸ್ ಹತ್ತಿದ. ಇಡೀ ಮಾತನ್ನು ಅಷ್ಟು ಸಲೀಸಾಗಿ ಆಡಿದ ಬಾಯಿಯನ್ನು ಮರುಳಪ್ಪ ಬೆರಗಾಗಿ ನೋಡುತ್ತ ನಿಂತ.

ಮೂರು ಬಾಯಿಗಳ ಮಾತು ಅದು. ಇವನ ಹತ್ತಿರ ಇದ್ದದ್ದು ಒಂದು. ಮೊಂಡುತನದವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೋ ಅದನ್ನೇ ಅವನೂ ಮಾಡಿದ. ಇಷ್ಟು ವರ್ಷ ಯಾರ ಹಂಗಿಗೂ ಬೀಳದೆ ಬಾಳಿದ್ದೇನೆ, ನನ್ನ ನಾಲಿಗೆ ನನ್ನ ಮಾತು ಕೇಳದೆ ಇರುತ್ತದೆಯೇ ಎಂದು ಮರುದಿನ ಬೆಳಿಗ್ಗೆ ಮತ್ತೆ ಅಂಗಡಿಗೆ ಹೋಗಿ, ಫೋನ್ ಹಚ್ಚಿ, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು ‘ಟ್ರಾನ್ಸ್’ ಅಂದ. ಅಲ್ಲಿಗೆ ನಾಲಿಗೆ ನಿಂತಿತು. ಆ ಕಡೆಯ ಗುಮಾಸ್ತ “ಹಲೋ, ಹಲೋ, ಟ್ರಾನ್ಸ್ ಏನ್ರೀ? ಮುಂದೆ ಹೇಳ್ರೀ!” ಎಂದು ಕೂಗಿಕೊಂಡ. ಮರುಳಪ್ಪ ಕುತ್ತಿಗೆ ಉಬ್ಬಿಸಿದ, ಕಾಲು ಝಾಡಿಸಿದ, ಅಂಗಡಿಯ ಕಂಬ ಹಿಡಿದು ತಿಣುಕಿದ. ಏನೂ ಹೊರಡಲಿಲ್ಲ. ಫೋನಿಟ್ಟು, ಹೆಗಲ ಮೇಲಿನ ಟವಲಿನಿಂದ ಬಾಯಿ ಮುಚ್ಚಿಕೊಂಡು, ಗೋಡೆ ಬದಿಯಲ್ಲೇ ಮನೆಗೆ ಬಂದ.

ದಾಕ್ಷಾಯಣಿ ಹಿತ್ತಲಿನಿಂದ ಬಂದವಳು “ಟೀ ಮಾಡ್ಲೇನ್ರೀ?” ಎಂದು ಕೇಳಿದಳು. ಅವನು ತಲೆಯಾಡಿಸಿದ. “ಹಲ್ಲು ನೋವಾ?” ಮತ್ತೆ ತಲೆಯಾಡಿಸಿದ. ಅವಳು ಟವಲು ಸರಿಸಿ ನೋಡಿದಳು. ಅರ್ಧ ತೆರೆದ ಆ ಬಾಯಿ, ಆ ಕೆಂಪು ಮುಖ, ನೀರಾಡುವ ಆ ಕಣ್ಣು. ಅವಳು ಇದನ್ನು ಹಿಂದೊಮ್ಮೆ ನೋಡಿದ್ದಳು, ಎಲ್ಲಿ ಎಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಮೊದಲು ಅವಳಿಗೆ ನಗು ಬಂತು. ಗೋಡೆಯ ಈ ಕಡೆ ಕೂತಿದ್ದ ನಮಗೂ ಕೇಳಿಸುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಅವನ ಮುಂದೆ ಮಣೆ ಹಾಕಿಕೊಂಡು ಕೂತಳು.

“ಮಿಲ್ ನಿಂತಿದೆ, ನಿಮ್ಮ ಬಾಯಿ ಕಟ್ಟಿದೆ. ಇಂಥ ಪುಣ್ಯದ ಗಳಿಗೆ ಮತ್ತೆ ಸಿಗಲ್ಲ. ಇವತ್ತು ಹೇಳಿಬಿಡ್ತೀನಿ, ಕೇಳಿ.”

ಮರುಳಪ್ಪ ಏಳಲು ಹೋದ. ಅವಳು ಪಂಚೆಯ ತುದಿ ಹಿಡಿದು ಕೂರಿಸಿದಳು.

“ಅವತ್ತು ನಮ್ಮ ಸೋದರತ್ತೆ, ಹುಡುಗಿ ಬೆಳಗಿಂದ ಏನೂ ತಿಂದಿಲ್ಲ, ತಲೆ ತಿರುಗಿ ಬಿದ್ದಾಳು ಅಂತ ನನ್ನ ಬಾಯಿಗೆ ಇಡೀ ಲಾಡು ತುರುಕಿದ್ರು ಕಣ್ರೀ. ಅರ್ಧ ಅಲ್ಲ, ಇಡೀದು. ಮದುವೆ ಮನೆ ಲಾಡು ಎಷ್ಟು ದಪ್ಪ ಇರುತ್ತೆ ಅಂತ ಗೊತ್ತಲ್ಲ ನಿಮ್ಗೆ. ಅಗಿಯೋಣ ಅಂದ್ರೆ ಎಲ್ರೂ ನನ್ನೇ ನೋಡ್ತಿದ್ದಾರೆ, ನುಂಗೋಣ ಅಂದ್ರೆ ಇಳೀತಿಲ್ಲ, ಉಗುಳೋಣ ಅಂದ್ರೆ ಧಾರೆ ಸೀರೆ. ತಲೆ ತಗ್ಗಿಸಿ ಅಗೀತಾ ಇದ್ದೆ. ಇನ್ನೊಂದು ತುತ್ತು ಇಳಿದಿದ್ರೆ ಆಗಿತ್ತು, ಅಷ್ಟರಲ್ಲಿ ಆ ಪುಣ್ಯಾತ್ಮ ಹೇಳಿಬಿಟ್ಟ.”

ಮರುಳಪ್ಪನ ಬಾಯಿ ಇನ್ನಷ್ಟು ತೆರೆದುಕೊಂಡಿತು.

“ಹೇಳೋಕೆ ಬಂದ್ರೆ ಮಿಲ್ ಶುರು ಮಾಡ್ತಿದ್ರಿ. ನೋಡಿ, ನಾನು ಹೊರಗಿನ ಊರೋಳು. ಮದುವೆಗೆ ಮುಂಚೆ ಎಷ್ಟು ಉದ್ದದ ಮಾತು ಬೇಕಾದ್ರೂ ಒಬ್ಳೇ ಆಡ್ತಿದ್ದೆ. ಈ ಊರ ನೀರು ಕುಡಿದ್ರೆ ಅರ್ಧ ಆಗುತ್ತೆ ಅಂತ ಗೊತ್ತಿದ್ದೇ ಬಂದೆ. ಉಳಿದರ್ಧಕ್ಕೆ ನೀವಿದ್ದೀರಲ್ಲ ಅಂತ ಬಂದೆ. ಆ ಅರ್ಧಾನೂ ಕೊಡ್ಲಿಲ್ಲ ನೀವು. ಕಾಫಿ ಕುಡಿಯೋಕೂ ಪಕ್ಕದ್ಮನೆಗೆ ಹೋಗ್ಬೇಕು ನಾನು.”

ಇದನ್ನು ಬರೆಯುವಾಗ ಒಂದು ಮಾತು. ದಾಕ್ಷಾಯಣಿ ‘ಕಾಫಿ’ಯ ‘ಕಾ’ ಅಂದಾಗ ಗೋಡೆಯ ಈ ಕಡೆಯಿಂದ ನನ್ನ ಹೆಂಡತಿ ಅಭ್ಯಾಸಬಲದಿಂದ ‘ಫಿ’ ಅಂದುಬಿಟ್ಟಳು. ಇಲ್ಲದಿದ್ದರೆ ಅವಳೂ ಅಲ್ಲೇ ನಿಂತುಹೋಗಿ, ಗಂಡಹೆಂಡಿರಿಬ್ಬರೂ ಬಾಯಿ ತೆರೆದುಕೊಂಡು ಎದುರುಬದುರು ಕೂತಿರಬೇಕಾಗಿತ್ತು. ದಾಕ್ಷಾಯಣಿ ಗೋಡೆಯ ಕಡೆ ತಿರುಗಿ “ಥ್ಯಾಂಕ್ಸ್ ಕಣೆ” ಅಂದಳು. ಮರುಳಪ್ಪ ನಾಚಿಕೆಯಿಂದ ನೆಲ ನೋಡಿದ.

ಕಣ್ಣೊರೆಸಿಕೊಂಡು ಎದ್ದ ದಾಕ್ಷಾಯಣಿ, ಏನು ಸಿಕ್ಕಿಕೊಂಡಿದೆ ಎಂದು ನೆಲದ ಹಿಟ್ಟಿನ ಮೇಲೆ ಗಂಡನಿಂದ ಬರೆಸಿಕೊಂಡಳು. ಬರೆದದ್ದನ್ನು ನೋಡಿ, ಮೂರನೆಯ ಬಾಯಿ ಯಾರದ್ದು ಎಂದು ಕ್ಷಣವೂ ಯೋಚಿಸದೆ ಎದುರಿನ ಷಡಕ್ಷರಿಯನ್ನು ಕರೆಯಲು ಹೋದಳು. ದಾರಿಯಲ್ಲಿ ಸಿಕ್ಕ ಪ್ರಭಾವತಿ ಮಿಸ್ ಅವರನ್ನೂ ಕರೆತಂದಳು. ಮಿಸ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು. ಮಾತನ್ನು ಎಲ್ಲಿ ಮುರಿಯಬೇಕು ಎನ್ನುವುದರಲ್ಲಿ ಊರಿಗೆಲ್ಲ ಅವರದೇ ಕೊನೆಯ ತೀರ್ಮಾನ, ಯಾಕೆಂದರೆ ತಪ್ಪು ಜಾಗದಲ್ಲಿ ಮುರಿದರೆ ಚೂರುಗಳು ಅಂಟಿಕೊಳ್ಳುವುದಿಲ್ಲ.

ಷಡಕ್ಷರಿ ಟೇಪ್ ಕುತ್ತಿಗೆಗೆ ಹಾಕಿಕೊಂಡೇ ಬಂದು, ಹೊಸ್ತಿಲ ಹೊರಗೆ ನಿಂತ. “ಮರುಳಪ್ಪ, ಇಷ್ಟು ವರ್ಷ ಮುಖ ತಿರುಗಿಸ್ಕೊಂಡು ಹೋದೆ, ನಾನೂ ಹೇಳೋಕೆ ಆಗ್ಲಿಲ್ಲ. ಅವತ್ತು ನಿನ್ನ ಮದುವೆ ಕಿತ್ಕೊಳ್ಳೋಣ ಅಂತ ಬಾಯಿಬಿಡ್ಲಿಲ್ಲ ಕಣಪ್ಪ. ನನ್ನ ಕೈಯಲ್ಲಿ ಸೂಜಿ ಇತ್ತು. ನೀನು ಗಡಗಡ ನಡುಗ್ತಿದ್ದೆ. ಎಲ್ಲಿ ಬೆನ್ನಿಗೆ ನೆಟ್ಟುಬಿಡುತ್ತೋ ಅಂತ ಹೆದ್ರಿ ಮುಗಿಸಿಬಿಟ್ಟೆ” ಅಂದ.

ಮರುಳಪ್ಪ ಒಮ್ಮೆ ಅವನನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಒಂದು ಲಾಡು, ಒಂದು ಸೂಜಿ. ಇದಕ್ಕಾಗಿ ಇಷ್ಟು ವರ್ಷ! ಬೇರೆಯವರ ಮೇಲೆ ರೇಗೋಣವೆಂದರೆ ಬಾಯಿ ಕಟ್ಟಿತ್ತು, ಹಾಗಾಗಿ ತನ್ನ ಮೇಲೇ ರೇಗಿಕೊಂಡ.

ಮಿಸ್ ಸ್ಲೇಟ್ ಮೇಲೆ ಆ ಮಾತನ್ನು ಬರೆದು, ನಡುನಡುವೆ ಸಣ್ಣ ಅಡ್ಡಗೀಟು ಎಳೆದರು. ಬಾಯಿಬಿಟ್ಟು ಓದುವಂತಿರಲಿಲ್ಲ, ಓದಿದರೆ ಅಲ್ಲೇ ಮುಗಿದುಹೋಗುತ್ತಿತ್ತು. ಬೆರಳಿಟ್ಟು ತೋರಿಸುತ್ತ ಹೇಳಿದರು. “ಮೊದಲನೇದು ನಿಮ್ಮದು ಮರುಳಪ್ಪನೋರೇ, ಆಗಲೇ ಆಡಿಬಿಟ್ಟಿದ್ದೀರಿ. ಅದರ ಅರ್ಥ ಆಚೆಗೆ ಅಂತ. ನಡುವಿಂದು ಷಡಕ್ಷರಿಯೋರದ್ದು, ರೂಪ ಅಂತ. ಕೊನೇದು ದಾಕ್ಷಾಯಣಮ್ಮನದು.”

“ಈ ‘ಮ’ ಯಾರ ಪಾಲಿಗೆ ಬರುತ್ತೆ ಮಿಸ್? ನಂಗೋ, ಅಮ್ಮನಿಗೋ?” ಎಂದು ಷಡಕ್ಷರಿ ಸ್ಲೇಟ್ ಮೇಲೆ ಟೇಪ್ ಹಿಡಿದು ಕೇಳಿದ.

“ಕಿವಿಗೆ ಅಮ್ಮನದ್ದು ಅನ್ಸುತ್ತೆ. ಆದ್ರೆ ಅರ್ಥ ನೋಡಿದ್ರೆ ನಿಮ್ಮದು. ನೀವೇ ಇಟ್ಕೊಳ್ಳಿ.”

“ಹಂಗಾದ್ರೆ ನಂಗೆ ಬರೀ ಇಷ್ಟೇನಾ?” ದಾಕ್ಷಾಯಣಿ ಸ್ಲೇಟಿನ ತುದಿಯ ಎರಡೇ ಅಕ್ಷರ ನೋಡಿ ಮುಖ ಸಣ್ಣ ಮಾಡಿದಳು. “ಬೆಕ್ಕು ಗುರುಗುಟ್ಟಿದ ಹಂಗಿದೆ.”

“ಅದು ಸಣ್ಣದಲ್ಲಮ್ಮ. ಮಾಡೋರು ಅಂತ ಅದರ ಅರ್ಥ. ಅದಿಲ್ದಿದ್ರೆ ರೂಪ ಇರುತ್ತೆ, ಕೆಲ್ಸ ನಡೆಯಲ್ಲ.”

“ಅದಾದ್ರೆ ಸರಿ. ನಮ್ಮನೇಲಿ ಮೊದ್ಲಿಂದ್ಲೂ ಹಂಗೇ” ಎಂದಳು ದಾಕ್ಷಾಯಣಿ, ಸಮಾಧಾನವಾಗಿ.

ಮರುಳಪ್ಪ ಸ್ಲೇಟ್ ಹತ್ತಿರ ಬಗ್ಗಿ, ಚೂರುಗಳ ನಡುವಿನ ಗೀಟಿನ ಮೇಲೆ ಬೆರಳಿಟ್ಟು, ಇದೇನು ಎನ್ನುವ ಹಾಗೆ ಮಿಸ್ ಮುಖ ನೋಡಿದ.

“ಇದನ್ನ ಎಲ್ರೂ ಕತ್ತರಿಸಿದ ಗುರುತು ಅಂದ್ಕೋತಾರೆ” ಎಂದರು ಮಿಸ್. “ಅಲ್ಲ. ಸಾಲಿನ ಕೊನೇಲಿ ಮಾತು ಹಿಡಿಸದೆ ಹೋದ್ರೆ ಇದನ್ನ ಹಾಕ್ತಾರೆ. ಇನ್ನೂ ಇದೆ, ತಾಳಿ, ಕೆಳಗಿನ ಸಾಲಲ್ಲಿ ಬರ್ತಾ ಇದೆ ಅಂತ ಇದರ ಅರ್ಥ.”

ಮರುಳಪ್ಪ ಬೆರಳು ತೆಗೆಯಲಿಲ್ಲ. ಗೀಟು ಅರ್ಧ ಅಳಿಸಿಹೋಗುವ ತನಕ ಹಾಗೇ ಇಟ್ಟುಕೊಂಡಿದ್ದ.

ಇಲ್ಲೇ ಮುಗಿಸಿ ಅವನ ಬಾಯಿ ಬಿಡಿಸೋಣ, ಆಮೇಲೆ ಅಂಗಡಿಗೆ ಹೋಗಿ ಹೊಸದಾಗಿ ಶುರು ಮಾಡಿದರಾಯಿತು ಎಂದು ಷಡಕ್ಷರಿ ಸೂಚಿಸಿದ. ದಾಕ್ಷಾಯಣಿ ಒಪ್ಪಲಿಲ್ಲ. “ಈಗ ಬಿಡಿಸಿದ್ರೆ ಇನ್ನೊಂದ್ಸಲ ಶುರು ಮಾಡೋ ಗಂಡಸಲ್ಲ ಇವ್ರು, ನಡೀರಿ” ಅಂದಳು. ಹಾಗೆ ಟವಲು ಮುಚ್ಚಿದ ಬಾಯಿಯ ಮರುಳಪ್ಪ ಮುಂದೆ, ಅವನ ಕಿರಿಯ ಹೆಂಡತಿ, ಹಿರಿಯ ಹೆಂಡತಿ ಇಬ್ಬರೂ ಹಿಂದೆ, ಮೆರವಣಿಗೆ ಅಂಗಡಿಗೆ ಹೊರಟಿತು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಯಾರೂ ಆಡಿನ ಹಾಗೆ ಕೂಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಒಬ್ಬ ಕೂಗಿದ. ಅವನ ತಾಯಿ ಅವನ ಬೆನ್ನಿಗೊಂದು ಕೊಟ್ಟಳು.

ದಾಕ್ಷಾಯಣಿ ಫೋನ್ ಹಚ್ಚಿದಳು. ಮೂರು ತಲೆಗಳು ಒಂದಕ್ಕೊಂದು ಅಂಟಿದವು. ಷಡಕ್ಷರಿ ‘ಫಾರ್ಮ್’ ಅಂದ. ದಾಕ್ಷಾಯಣಿ ಬಾಯಿ ಖಾಲಿ ಇದೆಯೇ ಎಂದು ನಾಲಿಗೆಯಿಂದ ಒಮ್ಮೆ ತಡವಿ ನೋಡಿಕೊಂಡು ‘ಅರ್’ ಅಂದಳು. ಮರುಳಪ್ಪನ ಎದೆಯಿಂದ ಬೆಳಗಿನ ಉಸಿರು ಹೊರಗೆ ಬಂತು.

ಆ ಕಡೆಯಿಂದ ಗುಮಾಸ್ತನ ದನಿ, “ಬೆಳಿಗ್ಗೆ ಟ್ರಾನ್ಸ್ ಅಂತ ಹೇಳಿ ಇಟ್ಟೋರು ನೀವೇನಾ? ಟ್ರಾನ್ಸ್‌ಫಾರ್ಮರಾ? ಬರೀ ಟ್ರಾನ್ಸ್‌ಫಾರ್ಮರ್ ತಾನೇ?”

“ಹೂಂ ಸ್ವಾಮಿ” ಅಂದ ಮರುಳಪ್ಪ. ಎಷ್ಟೋ ಹೊತ್ತಿನ ಮೇಲೆ ಬಂದ ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

“ಅಯ್ಯೋ, ಮುಂಚೇನೇ ಪೂರ್ತಿ ಹೇಳ್ಬಾರ್ದೇನ್ರೀ! ನನ್ನ ಟ್ರಾನ್ಸ್‌ಫರ್ ಆಗಿದೆ ಅಂತ ಯಾರೋ ಪುಣ್ಯಾತ್ಮರು ಮೊದ್ಲೇ ಸುಳಿವು ಕೊಟ್ರು ಅಂದ್ಕೊಂಡು ಬೆಳಗಿಂದ ಊಟ ಸೇರಿಲ್ಲ. ಮನೇಲಿ ಸಾಮಾನು ಕಟ್ಟೋಕೆ ಹೇಳಿಬಿಟ್ಟಿದ್ದೀನಿ. ನಾಳೇನೇ ಹೊಸದು ಕಳಿಸ್ತೀನಿ ತಗೊಳ್ಳಿ!”

ಆ ಸಂತೋಷದಲ್ಲಿ ಅವನು ನಿಜವಾಗಿಯೂ ಮಾರನೆಯ ದಿನವೇ ಕಳಿಸಿದ. ಲಾರಿಯಿಂದ ಟ್ರಾನ್ಸ್‌ಫಾರ್ಮರ್ ಇಳಿಯಿತು, ಸಂಜೆಗೆ ಮಿಲ್ ತಿರುಗಿತು. ಕಾಲುವೆ ದಾಟಿದ್ದ ಡಬ್ಬಗಳಲ್ಲಿ ಕೆಲವು ತಿರುಗಿ ಬಂದವು. ಎಲ್ಲವೂ ಬಂದವು ಎನ್ನಲಾರೆ, ಆ ಕಡೆಯವರು ನಿಜಕ್ಕೂ ನುಣ್ಣಗೆ ಬೀಸುತ್ತಿದ್ದರು.

ಅದರ ಮರುದಿನ ಬೆಳಿಗ್ಗೆ ಷಡಕ್ಷರಿ ತನ್ನ ರಾಗಿ ಡಬ್ಬ ಹಿಡಿದು ಬಂದಿದ್ದ. ನಾನೂ ನನ್ನ ಗೋಧಿ ಹಿಡಿದು ಅವನ ಹಿಂದೆ ನಿಂತಿದ್ದೆ. ಮಿಲ್ ಇನ್ನೂ ಶುರುವಾಗಿರಲಿಲ್ಲ. ಮರುಳಪ್ಪ ಮಿಲ್ ಚಾಲೂ ಮಾಡುವ ಗುಂಡಿಯ ಹತ್ತಿರ ಕೈ ಒಯ್ದವನು ವಾಪಸು ತೆಗೆದ. ಕೈಯ ಹಿಟ್ಟನ್ನು ಪಂಚೆಗೆ ಒರೆಸಿಕೊಂಡ. ಅಡುಗೆಮನೆಯ ಹೊಸ್ತಿಲಿಗೆ ಹೋಗಿ, ಬಾಗಿಲ ಚೌಕಟ್ಟು ಹಿಡಿದು, ನಮಗೆ ಬೆನ್ನು ಮಾಡಿ ನಿಂತ. ಒಳಗೆ ದಾಕ್ಷಾಯಣಿ ಒಲೆಯ ಮುಂದಿದ್ದಳು.

“ಕಾ” ಅಂದ ಮರುಳಪ್ಪ.

ಅವನ ಹೆಗಲ ಮೇಲಿಂದ ನಾನು ಇಣುಕಿ ನೋಡಿದೆ. ಉಪ್ಪಿಟ್ಟಿನ ಉಪ್ಪು ನೋಡಲೆಂದು ಆಗಷ್ಟೇ ಬಾಯಿಗೆ ಹಾಕಿಕೊಂಡಿದ್ದಳು, ಸುಡುವ ಉಪ್ಪಿಟ್ಟು, ಬಾಯಿ ತುಂಬ. ಕಣ್ಣು ಅಗಲವಾಗಿ ತೆರೆದು, ಕೈಯಲ್ಲಿ ಗಾಳಿ ಬೀಸಿಕೊಳ್ಳುತ್ತ, ಗಂಡನನ್ನು ನೋಡುತ್ತ ಅಗಿಯುತ್ತಿದ್ದಳು. ಮರುಳಪ್ಪನ ಕಿವಿ ಕೆಂಪಗಾಯಿತು. ನನ್ನ ಪಕ್ಕದಲ್ಲಿ ಷಡಕ್ಷರಿಯ ತುಟಿ ತಾನಾಗಿಯೇ ಅಲುಗಿತು. ಮರುಕ್ಷಣ ಅವನು ಡಬ್ಬ ಕೆಳಗಿಟ್ಟು, ಎರಡೂ ಕೈಗಳಿಂದ ಬಾಯಿ ಗಟ್ಟಿಯಾಗಿ ಒತ್ತಿಕೊಂಡ. ನಾನೂ ಒತ್ತಿಕೊಂಡೆ, ಯಾವುದಕ್ಕೂ ಇರಲಿ ಎಂದು.

ಮರುಳಪ್ಪ ತಿರುಗಿ ನೋಡಲಿಲ್ಲ. ಒಂದು ಬೆರಳನ್ನು ಗಾಳಿಯಲ್ಲಿ ಅಡ್ಡಡ್ಡವಾಗಿ, ಒಂದು ಸಣ್ಣ ಗೀಟಿನಷ್ಟು ಎಳೆದು ಹೆಂಡತಿಗೆ ತೋರಿಸಿದ. ಹೊಸ್ತಿಲ ಮೇಲೆ ಕೂತುಕೊಂಡ.

ದಾಕ್ಷಾಯಣಿ ನಿಧಾನವಾಗಿ ಅಗಿದಳು. ನಿಧಾನವಾಗಿ ನುಂಗಿದಳು. ಚೊಂಬಿನಿಂದ ನೀರು ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡಳು.

“ಫಿ” ಅಂದಳು.